ಕತ್ತು ಸೊಟ್ಟಗಿನ ಹೂದಾನಿ

ಚನ್ನಪಟ್ಟಣದಲ್ಲಿ ನಮ್ಮ ದೊಡ್ಡಪ್ಪನ ಲೇತ್ ಕೆಳಗೆ ಯಾವಾಗಲೂ ಒಂದು ಗೋಣಿಚೀಲ ಇರುತ್ತೆ. ಬುಗುರಿ, ಗಿಲಕಿ ಮಾಡಿ ಉಳಿದ ಆಲೆಮರದ ಚೂರುಗಳು ಅದರಲ್ಲಿ. ಚೀಲ ತುಂಬಿದರೆ ದೊಡ್ಡಮ್ಮ ನೀರೊಲೆಗೆ ಹಾಕುತ್ತಾರೆ.

ಕಳೆದ ಮಳೆಗಾಲ ಆರ್ಡರ್ ಇಲ್ಲದೆ ದೊಡ್ಡಪ್ಪ ಸುಮ್ಮನೆ ಕೂತಿದ್ದರು. ನನಗೂ ಸುದ್ದಿ ಇರಲಿಲ್ಲ. (ನಮ್ಮಿಬ್ಬರದೂ ಪೀಸ್ ಲೆಕ್ಕದ ಕೂಲಿಯೇ. ಅವರಿಗೆ ಬುಗುರಿಗಿಷ್ಟು, ನನಗೆ ವರದಿಗಿಷ್ಟು.) ಚೂರು ಅಂಟಿಸಿ ಹೂದಾನಿ ಕಡೆಯುವ ವಿಡಿಯೊ ಫೋನಲ್ಲಿ ತೋರಿಸಿದೆ.

"ಇಡೀ ಮರ ಬಿಟ್ಟು ಚೂರು ಯಾಕ್ಲಾ ಅಂಟಿಸ್ತಾರೆ?" ಅಂದರು. ಆಮೇಲೆ ಅವರೇ, "ಹೂಂ, ನಮ್ಮ ಆಲೆ ಅಷ್ಟು ದಪ್ಪ ಎಲ್ಲಿ ಬರ್ತದೆ" ಅಂದರು.

ಲೆಕ್ಕ ಸುಲಭ ಅಂದುಕೊಂಡಿದ್ದೆ. ಒಂದು ಬಳೆಗೆ 12 ಚೂರು, ಪ್ರತಿ ಚೂರಿನ ಎರಡೂ ತುದಿ 15 ಡಿಗ್ರಿ ಓರೆ. ಆದರೆ ಒಂದೊಂದು ತುದಿಯಲ್ಲಿ ಅರ್ಧ ಡಿಗ್ರಿ ತಪ್ಪಿದರೂ 24 ತುದಿ ಸೇರಿ 12 ಡಿಗ್ರಿ ಆಗುತ್ತೆ. ನನ್ನ ಮೊದಲ ಬಳೆ ಹಲ್ಲು ಬಿದ್ದ ಬಾಯಿಯ ಹಾಗೆ ತೆರೆದೇ ಇತ್ತು. ದೊಡ್ಡಪ್ಪ ಕೋನಮಾಪಕ ಮುಟ್ಟಲಿಲ್ಲ. "ಅರ್ಧರ್ಧ ಅಂಟಿಸು" ಅಂದರು. ಆರಾರು ಚೂರಿನ ಎರಡು ಅರ್ಧ. ಹಲಗೆಗೆ ಉಪ್ಪುಕಾಗದ ಹಾಸಿ ಅವುಗಳ ತುದಿ ಉಜ್ಜಿದರು. ಸೇರಿಸಿದರೆ ಕೂದಲೂ ತೂರದು! ಒಣಗುವ ತನಕ ಬಿಗಿಯಲು ಹಳೇ ಸೈಕಲ್ ಟ್ಯೂಬು.

ಹೀಗೆ ಒಂಬತ್ತು ಬಳೆ. ನಡುವೆ ಪಟ್ಟೆಗೆಂದು ಬಡಗಿ ಅಂಗಡಿಯ ತೇಗದ ಚೂರು. ಗೋಡೆಗೆ ಇಟ್ಟಿಗೆ ಇಟ್ಟ ಹಾಗೆ, ಬೆಸುಗೆ ಮೇಲೆ ಬೆಸುಗೆ ಬಾರದಂತೆ ಪೇರಿಸಿದೆವು.

ಲೇತಿಗೆ ಹಾಕಿದಾಗ ಟಕಟಕ ಸದ್ದು. ಉಳಿ ಮೂಲೆಗಳಿಗೆ ಬಡಿಯುತ್ತಿತ್ತು. ನಾನು ಒತ್ತಿ ಹಿಡಿದೆ. ಒಂದು ಚೂರು ಹಾರಿ ಕಿವಿ ಪಕ್ಕದಲ್ಲೇ ಹೋಗಿ ಶೀಟಿಗೆ ಬಡಿಯಿತು. ನೀವು ಮಾಡುವುದಾದರೆ ಮುಖಕ್ಕೆ ಕವಚ ಇಲ್ಲದೆ ಮಾಡಬೇಡಿ, ಎದುರಿಗಂತೂ ನಿಲ್ಲಬೇಡಿ. ದೊಡ್ಡಪ್ಪ ಬೈದು, ಆ ಜಾಗಕ್ಕೆ ಬೇರೆ ಚೂರು ಕೂರಿಸಿ, ಮಾರನೇ ದಿನ ತಾವೇ ಉಳಿ ಹಿಡಿದರು. ಹೊಟ್ಟೆ ದುಂಡಗಾಯಿತು. ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿದರು. ಉಜ್ಜಿದ ಬಿಸಿಗೆ ಅರಗು ಕರಗಿ ಹಿಡಿಯಿತು, ಗರಿ ಒತ್ತಿದ ಮೇಲೆ ಹೊಳಪು ಬಂತು.

ಮುಗಿಯಿತು ಅಂದುಕೊಂಡರೆ, ಲೇತಿಂದ ಇಳಿಸಿ ಗರಗಸ ತಗೊಂಡು ಕತ್ತನ್ನೇ ಓರೆಯಾಗಿ ಕುಯ್ದರು! ನನಗೆ ಎದೆ ಧಸಕ್ಕೆಂದಿತು. ತುಂಡನ್ನು ಅರ್ಧ ಸುತ್ತು ತಿರುಗಿಸಿ ಅಲ್ಲೇ ಅಂಟಿಸಿದರು. ಅಂಚಿಗೆ ಅಂಚು ಸರಿಯಾಗಿ ಕೂತಿತು, ಕತ್ತು ಮಾತ್ರ ಪಕ್ಕಕ್ಕೆ ವಾಲಿತು. ಯಾರದೋ ಮನೆ ಜಗಳ ಕದ್ದು ಕೇಳುವವರ ಹಾಗೆ. ನಲವತ್ತು ವರ್ಷ ಅಳತೆಗೋಲಿಟ್ಟು ಒಂದೇ ಥರ ಕಡೆದ ಮನುಷ್ಯ ಅದನ್ನು ನೋಡಿ ಹೊಟ್ಟೆ ಹಿಡಿದು ನಕ್ಕರು.

ಬುಗುರಿ ಒಯ್ಯಲು ಬಂದ ವ್ಯಾಪಾರಿ, "ಇದೇ ಥರ ಒಂದು ಡಜನ್ ಕೊಡ್ತೀರಾ?" ಅಂತ ಕೇಳಿದ. ಅವನು ಹೇಳಿದ ರೇಟಿಗೆ ನಾಲ್ಕು ದಿನದ ಕೂಲಿ ಗಿಟ್ಟಲ್ಲ. ದೊಡ್ಡಪ್ಪ ಬೇಡ ಅಂದರು. ಆದರೆ ರೇಟು ಎಷ್ಟಾದರೆ ಗಿಟ್ಟುತ್ತೆ ಅಂತ ಆ ರಾತ್ರಿ ನನ್ನ ಕೈಲಿ ಲೆಕ್ಕ ಬರೆಸಿದರು.

ನೀರು ಹಾಕಿದರೆ ಬೆಸುಗೆ ಬಿಟ್ಟೀತೆಂದು ದೊಡ್ಡಮ್ಮ ಅದರಲ್ಲಿ ನವಿಲುಗರಿ ಸಿಕ್ಕಿಸಿದ್ದಾರೆ. ಈಗ ಒಲೆ ಹಚ್ಚುವ ಮುಂಚೆ, "ಈ ಚೀಲ ತಗೊಳ್ಳಲಾ?" ಅಂತ ಕೇಳುತ್ತಾರೆ.