ಹಾಡಿಗೂ ಒಂದು ಆವಕ ನಂಬರು

ಸರಕಾರಿ ಕಚೇರಿಯಲ್ಲಿ ಹತ್ತು ಹನ್ನೆರಡು ವರ್ಷ ಗುಮಾಸ್ತಿಕೆ ಮಾಡಿದವನಿಗೆ ಜಗತ್ತೆಲ್ಲ ಎರಡು ಪುಸ್ತಕಗಳಲ್ಲಿ ಅಡಗಿದಂತೆ ಕಾಣತೊಡಗುತ್ತದೆ: ಒಂದು ಆವಕ, ಇನ್ನೊಂದು ಜಾವಕ. ಮಂತ್ರಿಗಳೇ ಬರೆದ ಕಾಗದವಾಗಲಿ, ಆವಕ ಪುಸ್ತಕದಲ್ಲಿ ನಂಬರು ಬೀಳದಿದ್ದರೆ ಅದು ಬಂದಂತೆಯೇ ಅಲ್ಲ. ಬಿ.ಎ. ತರಗತಿಯ ಯಾವ ಪಠ್ಯದಲ್ಲಿಯೂ ಇಲ್ಲದ ಈ ಸತ್ಯವನ್ನು ನನಗೆ ಬೋಧಿಸಿದ್ದು ಕೆಂಪು ರಟ್ಟಿನ ಆ ಪುಸ್ತಕ. ಈಗ ನೋಡಿದರೆ ಹಾಡಿನ ಪ್ರಪಂಚಕ್ಕೂ ಇದೇ ಶಾಸನ ಬಂದಿದೆ. ಅದರಿಂದ ನಮಗೇನು ಲಾಭ, ಏನು ನಷ್ಟ ಎಂಬುದನ್ನು ಸಂಘದ ಬಂಧುಗಳ ಮುಂದೆ ಇಡಬೇಕೆಂದು ಈ ನಾಲ್ಕು ಮಾತು.

ಹಾಡು ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತುವಾಗಿದ್ದ ಕಾಲವೊಂದಿತ್ತು. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮೋಫೋನು ಕಂಪನಿಗಾಗಿ ಹಾಡಿದರು. ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಸಂಗೀತ. ಆ ಮೂರು ನಿಮಿಷದ ಕೊನೆಗೆ ಆಕೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ತಾವೇ ಸಾರುತ್ತಿದ್ದರು. ಇದು ಅಹಂಕಾರವಲ್ಲ. ಅಚ್ಚು ಜರ್ಮನಿಯ ಹ್ಯಾನೋವರಿಗೆ ಹೋಗಿ ತಟ್ಟೆಯಾಗಿ ಮರಳಬೇಕಾಗಿತ್ತು; ಅಲ್ಲಿಯ ಕೆಲಸಗಾರರಿಗೆ ಯಾರ ಹಾಡೆಂದು ಗುರುತು ಸಿಗಬೇಕಲ್ಲ! ಅದೇ ಹಾಡಿನ ಮೊದಲ ಆವಕ ನಂಬರು ಎನ್ನಬೇಕು. ಈ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರರಮನೆಯ ಆಶ್ರಯ ಪಡೆದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ತಟ್ಟೆ ಒತ್ತುವ ಕಾರ್ಖಾನೆ, ಅದನ್ನು ಊರೂರಿಗೆ ಮುಟ್ಟಿಸುವ ಅಂಗಡಿಗಳು, ಇವೆರಡೂ ಕಂಪನಿಯ ಕೈಯಲ್ಲಿದ್ದವು. ಆದ್ದರಿಂದ ಯಾರು ಹಾಡಬೇಕು, ಯಾರು ಹಾಡಬಾರದು ಎಂಬುದನ್ನು ನಿಶ್ಚಯಿಸುವವರೂ ಕಂಪನಿಯವರೇ. ಗದಗಿನ ಭೀಮಸೇನ ಜೋಶಿಯವರ ಮೊದಲ ತಟ್ಟೆಯನ್ನು ಎಚ್.ಎಂ.ವಿ. ಹೊರತಂದಿತು, ಅದರಲ್ಲಿದ್ದುದು ಭಕ್ತಿಗೀತೆಗಳು. ಆ ಬಾಗಿಲು ತೆರೆಯದೆ ಹಿಂದಿರುಗಿದ ಗಾಯಕರೆಷ್ಟೋ!

ಬಾಗಿಲನ್ನು ಮೊದಲು ಸಡಿಲಿಸಿದ್ದು ಕ್ಯಾಸೆಟ್ಟು. 1978ರಲ್ಲಿ ನಿಸಾರ್ ಅಹಮದರ ಕವನಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಹೊರಬಂದು, ಕವಿತೆ ಮನೆಮನೆಯ ಕ್ಯಾಸೆಟ್ಟಾಯಿತು. 1980ರ ದಶಕದಲ್ಲಿ ಗುಲ್ಶನ್ ಕುಮಾರರ ಟಿ-ಸೀರೀಸ್ ಅಗ್ಗದ ಕ್ಯಾಸೆಟ್ಟುಗಳನ್ನು ಪಾನಪಟ್ಟಿ ಅಂಗಡಿಯವರೆಗೂ ತಂದಿತು. ಹಳೆಯ ಗ್ರಾಮೋಫೋನು ಕಂಪನಿ ನಡುಗಿತು. 2000ದಲ್ಲಿ ಹೆಸರು ಬದಲಿಸಿ ‘ಸಾರೆಗಾಮಾ’ ಆಯಿತು.

ನಮ್ಮ ತಂದೆಯವರು ಗದಗ ಸೀಮೆಯಿಂದ ವಿಕ್ರೋಳಿಯ ಕಾರ್ಖಾನೆಯೊಂದಕ್ಕೆ ಬಂದವರು. ವರ್ಷಕ್ಕೊಮ್ಮೆ ಊರಿಗೆ ಹೋಗಿ ಬರುವಾಗ ಹುಬ್ಬಳ್ಳಿಯಲ್ಲಿ ಇಳಿದು ಎರಡು ಕ್ಯಾಸೆಟ್ಟು ಕೊಳ್ಳುವುದು ಅವರ ನೇಮ. ರೊಟ್ಟಿ, ಶೇಂಗಾ ಚಟ್ನಿಯ ಗಂಟಿನೊಡನೆ ಅವೂ ಪವಾಯಿಗೆ ಬರುತ್ತಿದ್ದವು. ಕ್ಯಾಸೆಟ್ಟಿನ ಡಬ್ಬಿಯೊಳಗಿನ ಮಡಿಕೆ ಕಾಗದವನ್ನು ಬಿಡಿಸಿ, ಸಾಹಿತ್ಯ ಯಾರದು, ರಾಗ ಯಾರದು, ಕೊಳಲು ನುಡಿಸಿದವರು ಯಾರು ಎಂದು ಅವರು ಓದಿ ಹೇಳಿದ ಮೇಲೆಯೇ ಹಾಡು ಆರಂಭ. ನನಗೆ ಬೇಂದ್ರೆ, ಕೆ.ಎಸ್.ನ. ಎಂಬ ಹೆಸರುಗಳು ಶಾಲೆಯಲ್ಲಿ ಸಿಕ್ಕಿದ್ದಲ್ಲ. ಆ ಮಡಿಕೆ ಕಾಗದದಲ್ಲಿ ಸಿಕ್ಕಿದ್ದು.

ಬಳಿಕ ಬಂದ ಸಿ.ಡಿ., ಅದರ ಬೆನ್ನಿಗೇ ಬಂದ ಕಳ್ಳ ನಕಲು, ಎರಡೂ ನಿಮಗೆ ಗೊತ್ತು. ಸ್ಟೇಷನ್ನಿನ ಫುಟ್‌ಪಾತಿನಲ್ಲಿ ನೂರಾರು ಹಾಡಿನ ಒಂದು ತಟ್ಟೆ ಚಹದ ದುಡ್ಡಿಗೆ ಸಿಗುವಾಗ ಅಂಗಡಿಗೆ ಹೋಗುವವರಾರು? ನಮ್ಮ ಕಚೇರಿ ಕೋಟೆ ಭಾಗದಲ್ಲಿ. ಊಟದ ಬಿಡುವಿನಲ್ಲಿ ಕಾಲಾ ಘೋಡಾದ ‘ರಿದಮ್ ಹೌಸ್’ಗೆ ಹೋಗಿ, ಕೊಳ್ಳದೆ ಕೇಳಿ ಬರುವುದು ನನ್ನಂಥವರ ಪುಕ್ಕಟೆ ಸುಖವಾಗಿತ್ತು. 2016ರಲ್ಲಿ ಆ ಅಂಗಡಿ ಮುಚ್ಚಿತು.

ಈಗ ಹಾಡಿಗೆ ಅಂಗಡಿ ಬೇಡ, ಡಬ್ಬಿ ಬೇಡ. ಜಿಯೋಸಾವನ್, ಗಾನಾ, 2019ರಲ್ಲಿ ಭಾರತಕ್ಕೆ ಬಂದ ಸ್ಪಾಟಿಫೈ, ಇವೆಲ್ಲ ಮೊಬೈಲಿನೊಳಗಿನ ಅಂಗಡಿಗಳು. ಬೆಂಗಳೂರಿನಲ್ಲಿ ಬೆಳಿಗ್ಗೆ ಬಿಡುಗಡೆಯಾದ ಹಾಡನ್ನು ಕಾಂಜೂರ್‌ಮಾರ್ಗದ ಲೋಕಲಿನಲ್ಲಿ ನಿಂತೇ ಕೇಳಬಹುದು. ಹಳ್ಳಿಯ ಹುಡುಗಿಯೊಬ್ಬಳು ಯಾವ ಕಂಪನಿಯ ಬಾಗಿಲನ್ನೂ ತಟ್ಟದೆ, ಅಲ್ಪ ಶುಲ್ಕ ಕೊಟ್ಟು ತನ್ನ ಹಾಡನ್ನು ಜಗತ್ತಿಗೆ ಮುಟ್ಟಿಸಬಹುದು. ಇದು ಸಾಮಾನ್ಯ ಲಾಭವಲ್ಲ. ಕಂಪನಿಗಳೇನೂ ಬಡವಾಗಲಿಲ್ಲ, ವಸ್ತು ಮಾರುವುದನ್ನು ಬಿಟ್ಟು, ಪೆಟ್ಟಿಗೆಯಲ್ಲಿದ್ದ ಹಳೆಯ ಹಾಡುಗಳನ್ನು ಬಾಡಿಗೆಗೆ ಬಿಡುವ ಮನೆಮಾಲಿಕರಾದವು, ಅಷ್ಟೇ.

ನಷ್ಟ ಎಲ್ಲಿ ಎಂಬುದನ್ನು ತೋರಿಸಿದವರು ನಮ್ಮ ತಾಯಿಯವರು. ಒಂದು ಸಂಜೆ ಮಗಳು ಮೊಬೈಲಿನಲ್ಲಿ ಅಜ್ಜಿಗೆ ಭಾವಗೀತೆ ಹಚ್ಚಿ ಕೊಟ್ಟಿದ್ದಳು. ಹಾಡು ಮುಗಿದ ಮೇಲೆ ಅವರು ಕೇಳಿದರು: “ಯಾರು ಬರದದ್ದವಾ ಇದು?” ಮಗಳು ನೋಡಿ ಹಾಡಿದವರ ಹೆಸರನ್ನೂ ಕಂಪನಿಯ ಹೆಸರನ್ನೂ ಹೇಳಿದಳು. “ಹಾಡಿದವ್ರು ಹಾಡ್ಯಾರ, ಮಾರಿದವ್ರು ಮಾರ್‍ಯಾರ. ಬರದವ್ರು ಯಾರು? ನಿಮ್ಮಜ್ಜ ಇದ್ದಿದ್ರ ಮೊದಲ ಅದನ್ನ ಓದಿ ಹೇಳ್ತಿದ್ರು” ಎಂದರು ತಾಯಿ. ಎಷ್ಟು ಬೆರಳಾಡಿಸಿದರೂ ಕವಿಯ ಹೆಸರು ಹೊರಡಲಿಲ್ಲ.

ಹೆಸರಿಲ್ಲದಿದ್ದರೆ ಹೋಗುವುದು ಗೌರವವೊಂದೇ ಅಲ್ಲ, ಹೊಟ್ಟೆಯ ಪಾಲು ಕೂಡ. ಪ್ರತಿಯೊಂದು ಧ್ವನಿಮುದ್ರಣಕ್ಕೂ ಈಗ ಐ.ಎಸ್.ಆರ್.ಸಿ. ಎಂಬ 12 ಅಕ್ಷರ-ಅಂಕಿಗಳ ಅಂತರರಾಷ್ಟ್ರೀಯ ಸಂಕೇತವುಂಟು. ಹಾಡಿನ ಆವಕ ನಂಬರೆಂದರೆ ಅದೇ. ಆದರೆ ಅದು ಮುದ್ರಣಕ್ಕೆ ಸಂದದ್ದು. ಬರೆದವರು, ರಾಗ ಹಾಕಿದವರು ಬೇರೆ ಪುಸ್ತಕದಲ್ಲಿ ದಾಖಲಾಗಬೇಕು. ಅವರ ಪಾಲನ್ನು ವಸೂಲು ಮಾಡಿ ಹಂಚುವ ಐ.ಪಿ.ಆರ್.ಎಸ್. ಸಂಸ್ಥೆ ನಮ್ಮ ಮುಂಬಯಿಯದೇ, 1969ರಲ್ಲಿ ಹುಟ್ಟಿದ್ದು. ಎರಡು ಪುಸ್ತಕಗಳ ನಮೂದು ಒಂದಕ್ಕೊಂದು ತಾಳೆಯಾಗದಿದ್ದರೆ ದುಡ್ಡು ಅನಾಮತು ಖಾತೆಯಲ್ಲಿ ಕೊಳೆಯುತ್ತದೆ. ಒಬ್ಬರು ‘ದ. ರಾ. ಬೇಂದ್ರೆ’ ಎಂದೂ ಇನ್ನೊಬ್ಬರು ‘ಡಿ. ಆರ್. ಬೇಂದ್ರೆ’ ಎಂದೂ ಮತ್ತೊಬ್ಬರು ‘ಅಂಬಿಕಾತನಯದತ್ತ’ ಎಂದೂ ಬರೆದರೆ ನಮಗೆ ಒಬ್ಬರೇ ವರಕವಿ. ಯಂತ್ರದ ಲೆಕ್ಕಕ್ಕೆ ಮೂವರು ಅಪರಿಚಿತರು!

ಕಾನೂನು ಕವಿಯ ಕೈ ಬಿಟ್ಟಿಲ್ಲ. ಹಕ್ಕುಸ್ವಾಮ್ಯ ಕಾಯಿದೆಗೆ 2012ರಲ್ಲಿ ಬಂದ ತಿದ್ದುಪಡಿ, ಹಕ್ಕನ್ನು ಕಂಪನಿಗೆ ಬರೆದುಕೊಟ್ಟರೂ ರಾಯಲ್ಟಿಯಲ್ಲಿ ಸಾಹಿತಿಗೂ ಸಂಗೀತಗಾರನಿಗೂ ಸಮಪಾಲು ಉಳಿಯುವಂತೆ ಮಾಡಿದೆ. ಬರೆದವರು ತೀರಿಕೊಂಡ ಬಳಿಕವೂ 60 ವರ್ಷ ಹಕ್ಕು ಮನೆಯವರದು. ಬೇಂದ್ರೆಯವರು 1981ರಲ್ಲಿ ಕಣ್ಣು ಮುಚ್ಚಿದ್ದು ಇದೇ ಮುಂಬಯಿಯಲ್ಲಿ. ಅವರು ಬದುಕಿದ್ದಾಗ ಅಚ್ಚಾದ ಕವನಗಳಿಗೆ 2041ರ ಕೊನೆಯವರೆಗೂ ವಾರಸುದಾರರಿದ್ದಾರೆ. ಕಾನೂನಿದ್ದರೂ ನಮೂದಿಲ್ಲದಿದ್ದರೆ ಏನಾಗುವುದೆಂಬುದನ್ನು ಗುಮಾಸ್ತನಾದ ನನ್ನನ್ನು ಕೇಳಿ.

ಇನ್ನೊಂದು ಲೆಕ್ಕ. ಬಹುಪಾಲು ಈ ಅಂಗಡಿಗಳಲ್ಲಿ ತಿಂಗಳ ವಸೂಲಿಯನ್ನು ಒಂದೇ ಹುಂಡಿಗೆ ಹಾಕಿ, ಯಾರ ಹಾಡು ಎಷ್ಟು ಸಲ ನುಡಿಯಿತೋ ಅಷ್ಟರಂತೆ ಹಂಚುತ್ತಾರೆ. ಹಿಂದಿ ಚಿತ್ರಗೀತೆಯ ಮಹಾಪೂರದಲ್ಲಿ ಕನ್ನಡದ ಭಾವಗೀತೆಗೆ ಬರುವುದು ಹನಿ. ಅದರ ಮೇಲೆ, ಹಿಂದಿನ 12 ತಿಂಗಳಲ್ಲಿ 1000 ಸಲವಾದರೂ ಕೇಳಿಸದ ಮುದ್ರಣಕ್ಕೆ ಆ ಹನಿಯೂ ಇಲ್ಲವೆಂದು ಸ್ಪಾಟಿಫೈ 2024ರಲ್ಲಿ ನಿಯಮ ಮಾಡಿತು. ಹೊಸ ಹಾಡುಗಾರನಿಗೆ ಇದು ಹಳೆಯ ಕಂಪನಿಯ ಬಾಗಿಲಿನಷ್ಟೇ ಎತ್ತರದ ಹೊಸ್ತಿಲು.

ಆದರೆ ಈ ಹೊಸ್ತಿಲನ್ನು ದಾಟಿಸುವುದು ನಮ್ಮ ಕೈಯಲ್ಲಿದೆ. ಇನ್ನೂರು ಮನೆಗಳು ವರ್ಷಕ್ಕೆ ಐದು ಸಲ ಕೇಳಿದರೆ ಒಂದು ಸಾವಿರ. ಇದಕ್ಕೆ ಚಂದಾ ಎತ್ತಬೇಕಿಲ್ಲ, ಸಭೆ ಕರೆಯಬೇಕಿಲ್ಲ. ಅಡಿಗೆ ಮಾಡುತ್ತ ಕೇಳಿದರಾಯಿತು. ನಮ್ಮ ಮಕ್ಕಳು ರಾಜ್ಯೋತ್ಸವಕ್ಕೆ ಹಾಡಿದ್ದನ್ನು ಜಾಲಕ್ಕೆ ಏರಿಸುವ ತರುಣರು, ವಾರಸುದಾರರ ಒಪ್ಪಿಗೆ ಪಡೆದು, ಕವಿಯ ಹೆಸರು, ರಾಗ ಹಾಕಿದವರ ಹೆಸರು, ತಬಲಾ ನುಡಿಸಿದವರ ಹೆಸರು ತಪ್ಪದೆ ಬರೆಯಲಿ, ಕನ್ನಡದಲ್ಲೂ ಬರೆಯಲಿ. ನಮ್ಮಲ್ಲಿ ಸ್ವಂತ ಪದ ಕಟ್ಟುವವರೂ ರಾಗ ಹಾಕುವವರೂ ಇದ್ದಾರೆ. ಅವರು ಸಂಕೋಚ ಬಿಟ್ಟು ಐ.ಪಿ.ಆರ್.ಎಸ್.ನ ಸದಸ್ಯರಾಗಲಿ.

ವೇದಿಕೆಯ ಮೇಲೆ ಮಗು ಬಾಯಿ ತೆರೆಯುವ ಮುನ್ನ, “ಈ ಹಾಡನ್ನು ಬರೆದವರು ಇಂಥವರು” ಎಂದು ಒಂದು ಮಾತು ಹೇಳಲಿ. ಮಡಿಕೆ ಕಾಗದ ಹೋಯಿತು. ಅದರ ಕೆಲಸವನ್ನು ಇನ್ನು ಮೇಲೆ ನಾವೇ ಮಾಡಬೇಕು.