ವಿಯೆನ್ನಾದ ಬಯಲಿನಲ್ಲಿ ಒಂದು ಕಛೇರಿ

ಕಾಶಿಗೆ ಹೋಗಿ ಗಂಗೆಯಲ್ಲಿ ಮೀಯದೆ ಬಂದವನನ್ನು ನಮ್ಮ ಊರಿನವರು ಹೇಗೆ ನೋಡುವರೋ, ವಿಯೆನ್ನಾಕ್ಕೆ ಹೋಗಿ ಸಂಗೀತ ಕೇಳದೆ ಬಂದವನನ್ನು ರಸಿಕರು ಹಾಗೆಯೇ ನೋಡುತ್ತಾರೆ. 2018ರ ಜುಲೈ ತಿಂಗಳಿನಲ್ಲಿ ಆ ಅಪಕೀರ್ತಿ ನನಗೆ ಒದಗುವುದರಲ್ಲಿತ್ತು. ಮ್ಯೂಸಿಕ್‌ಫೆರೈನ್ ಎಂಬ ಜಗದ್ವಿಖ್ಯಾತ ಸಂಗೀತಮಂದಿರದ ಬಾಗಿಲಿಗೆ ಹೋಗಿ ನಿಂತಾಗ, ವಿಯೆನ್ನಾ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಕಛೇರಿಗಳು ಬೇಸಗೆಯಲ್ಲಿ ಅಲ್ಲಿ ನಡೆಯುವುದಿಲ್ಲವೆಂದೂ, ವೃಂದವು ಸಾಲ್ಜ್‌ಬುರ್ಗಿನ ಉತ್ಸವಕ್ಕೆ ತೆರಳುವುದೆಂದೂ ತಿಳಿಯಿತು. ಇನ್ನು ಉಳಿದದ್ದು, ಟಿಕೆಟ್ಟು ಕೊಂಡು ಬರಿಯ ಕಟ್ಟಡವನ್ನು ಕಣ್ತುಂಬ ನೋಡಿ ಬರುವುದೊಂದೇ.

ನೋಡಿದೆ. ಥಿಯೋಫಿಲ್ ಹಾನ್ಸೆನ್ ಎಂಬ ಶಿಲ್ಪಿ ಕಟ್ಟಿದ ಈ ಮಂದಿರ 1870ರಲ್ಲಿ ತೆರೆಯಿತು. ಅದರ 'ಸ್ವರ್ಣ ಸಭಾಂಗಣ'ದಲ್ಲಿ 1744 ಆಸನಗಳು. ನಿಂತು ಕೇಳುವವರಿಗೆ ಸುಮಾರು 300 ಜನರ ಸ್ಥಳ. ಎರಡು ಪಕ್ಕಗಳಲ್ಲೂ ಚಿನ್ನದ ಬಣ್ಣದ ಸ್ತ್ರೀಪ್ರತಿಮೆಗಳು ಸಾಲಾಗಿ ನಿಂತಿವೆ. ಮರದ ನೆಲದ ಕೆಳಗೆ ಟೊಳ್ಳು ಬಿಟ್ಟಿರುವುದರಿಂದ ಇಡೀ ಸಭಾಂಗಣವೇ ವೀಣೆಯ ಕೊಡದಂತೆ ನಾದವನ್ನು ತುಂಬಿಕೊಡುತ್ತದೆಯಂತೆ. ಕೇಳುವ ಭಾಗ್ಯವಿಲ್ಲದವನಿಗೆ ಕೊಡದ ವರ್ಣನೆಯಿಂದ ಏನು ಪ್ರಯೋಜನ? ಹೊಸ ವರ್ಷದ ಬೆಳಗಿನ ಕಛೇರಿಯನ್ನು 1959ರಿಂದಲೂ ಟೆಲಿವಿಷನ್ನಿನಲ್ಲಿ ಪ್ರಸಾರ ಮಾಡುತ್ತಾರೆ. ಅದಕ್ಕೆ ಇಲ್ಲಿಯೇ ಕುಳಿತು ಕೇಳಬೇಕೆಂಬವರು ಎಷ್ಟು ಮಂದಿಯೆಂದರೆ, ಟಿಕೆಟ್ಟುಗಳನ್ನು ಚೀಟಿಯೆತ್ತಿ ಹಂಚುತ್ತಾರೆ. ನಮ್ಮ ಬೊಂಬಾಯಿಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ ಅವರು ಅದೇ ವೇದಿಕೆಯಲ್ಲಿ ಐದು ಬಾರಿ ಆ ಕಛೇರಿಯನ್ನು ನಡೆಸಿದ್ದಾರೆಂಬ ಸಮಾಧಾನವನ್ನಷ್ಟೇ ಕಟ್ಟಿಕೊಂಡು ಹೊರಬಂದೆ.

ಆ ಊರಿನಲ್ಲಿ ಕೆಲಸದಲ್ಲಿರುವ ನನ್ನ ಅಣ್ಣನ ಮಗ ನನ್ನ ಮುಖ ನೋಡಿ ನಕ್ಕ. "ಚಿಕ್ಕಪ್ಪ, ಬೇಜಾರು ಮಾಡ್ಕೋಬೇಡಿ. ಸಂಜೆ ಪುರಭವನದ ಮುಂದೆ ಕಛೇರಿಗಳ ಸಿನಿಮಾ ತೋರಿಸ್ತಾರೆ. ದುಡ್ಡಿಲ್ಲ, ಸುಮ್ಮನೆ ಹೋಗಿ ಕೂತ್ಕೊಳ್ಳೋದು."

ಕಛೇರಿಯ ಸಿನಿಮಾ! ಕನ್ನಡಿಯೊಳಗಿನ ಗಂಟು ಎಂದೆ. ಅವನು ಬಿಡಲಿಲ್ಲ. ದಾರಿಯಲ್ಲಿಯೇ ತನ್ನ ಮೊಬೈಲಿನಲ್ಲಿ ಒಂದು ಕಪ್ಪುಬಿಳುಪಿನ ಚಿತ್ರವನ್ನು ತೋರಿಸಿದ. 1966ರಲ್ಲಿ ಇದೇ ನಗರದಲ್ಲಿ ಫ್ರೆಂಚ್ ಚಿತ್ರನಿರ್ದೇಶಕ ಕ್ಲೂಜೋ ತೆಗೆದದ್ದು. ಮೋಟ್ಸಾರ್ಟನ ಐದನೆಯ ಪಿಟೀಲು ಕಂಚೆರ್ಟೊ. ವೃಂದವನ್ನು ನಡೆಸುವವರು ಕರಾಯನ್, ಪಿಟೀಲು ಯೆಹೂದಿ ಮೆನುಹಿನ್. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ಯರಿಂದ ಯೋಗ ಕಲಿತು, ಅವರನ್ನು ತನ್ನ ಅತ್ಯುತ್ತಮ ಪಿಟೀಲು ಗುರುವೆಂದು ಕರೆದ ಮೆನುಹಿನ್ ಇವರೇ. ಗದ್ದಕ್ಕೆ ಪಿಟೀಲನ್ನು ಆನಿಸಿ ಕಣ್ಣು ಅರೆಮುಚ್ಚಿದ ಆ ಮುಖವನ್ನು ಅಂಗೈಯಗಲದ ಗಾಜಿನಲ್ಲಿ ಕಂಡ ಮೇಲೆ ನನ್ನ ಹಟ ತುಸು ಸಡಿಲವಾಯಿತು.

ವರ್ತುಲಾಕಾರದ ರಾಜಮಾರ್ಗದಲ್ಲಿ ನಡೆದೇ ಹೋದೆವು. ಮೊದಲು ಆಪೆರಾ ಮಂದಿರ. ಗುಸ್ಟಾವ್ ಮಾಹ್ಲರ್ 1897ರಿಂದ 1907ರವರೆಗೆ ಅದರ ಆಡಳಿತ ನಡೆಸಿದರು. ಮುಂದೆ ಅರಮನೆಯ ಮಗ್ಗುಲಲ್ಲಿ ವೀರರ ಚೌಕ. 1938ರ ಮಾರ್ಚ್ 15ರಂದು ಅಲ್ಲಿಯೇ ಹಿಟ್ಲರನು ಲಕ್ಷಾಂತರ ಜನರ ಜಯಘೋಷದ ನಡುವೆ ಆಸ್ಟ್ರಿಯಾ ತನ್ನದಾಯಿತೆಂದು ಸಾರಿದ್ದು. ಆಮೇಲೆ ಪಾರ್ಲಿಮೆಂಟು, ಅದರಾಚೆ ಪುರಭವನ. ಸುಮಾರು 98 ಮೀಟರ್ ಎತ್ತರದ ಗೋಪುರದ ಕೆಳಗೆ, ಕಟ್ಟಡದ ಮುಂಭಾಗವನ್ನು ಮರೆಮಾಡಿ ಬೃಹತ್ತಾದ ತೆರೆಯೊಂದನ್ನು ಕಟ್ಟಿದ್ದರು. 1991ರಿಂದ ಬೇಸಗೆಯ ಸಂಜೆಗಳಲ್ಲಿ ಇದು ನಡೆದುಬಂದಿದೆ. ಚೌಕದ ತುಂಬ ತಿಂಡಿಯ ಅಂಗಡಿಗಳು. ಹುರಿದ ಮಾಂಸದ ಹೊಗೆ, ಬಿಯರಿನ ಲೋಟಗಳ ಸದ್ದು, ಮಕ್ಕಳ ಓಡಾಟ. ನಮ್ಮ ಕಡೆಯ ಜಾತ್ರೆಯಲ್ಲಿ ತೇರಿಗಿಂತ ಬತ್ತಾಸಿನ ಅಂಗಡಿಗೇ ಹೆಚ್ಚು ಜನ ಸೇರುವುದಿಲ್ಲವೇ, ಹಾಗೆ. ಆದರೆ ಒಂಬತ್ತು ಗಂಟೆ ಕಳೆದು ಕತ್ತಲೆ ಕವಿಯುತ್ತಿದ್ದಂತೆ ಅವರೆಲ್ಲರೂ ಬಂದು ಬೆಂಚುಗಳ ಮೇಲೆ ಸದ್ದಿಲ್ಲದೆ ಕುಳಿತರು.

ಅದು ಅಮೆರಿಕದ ಲಿಯೊನಾರ್ಡ್ ಬರ್ನ್‌ಸ್ಟೈನ್ ಹುಟ್ಟಿ ನೂರು ವರ್ಷ ತುಂಬಿದ ವರ್ಷ. ಆ ಸಂಜೆಯ ಚಿತ್ರ ಮಾಹ್ಲರನ ಐದನೆಯ ಸಿಂಫನಿ. 1972ರಲ್ಲಿ ಬರ್ನ್‌ಸ್ಟೈನ್ ಇದೇ ಊರಿನ ವೃಂದದಿಂದ ನುಡಿಸಿದ್ದು. ತೆರೆ ಬೆಳಗಿತು, ಬೆಳಗ್ಗೆ ಬರಿದಾಗಿ ಕಂಡಿದ್ದ ಅದೇ ಸ್ವರ್ಣ ಸಭಾಂಗಣ ಈಗ ತುಂಬಿತ್ತು! ತುತ್ತೂರಿಯೊಂದು ಒಂಟಿಯಾಗಿ ಕೂಗಿತು. ಅದರ ಹಿಂದೆಯೇ ಶವಯಾತ್ರೆಯ ಹೆಜ್ಜೆ.

ಕಂಡಕ್ಟರ್ ಎಂದರೆ ನಮಗೆ ನೆನಪಾಗುವವನು ಬಸ್ಸಿನವನು. ಆದ್ದರಿಂದ ವೃಂದನಾಯಕ ಎನ್ನುತ್ತೇನೆ. ನಮ್ಮ ಕಛೇರಿಗಳಲ್ಲಿ ವಿದ್ವಾಂಸರು ಸಭೆಗೆ ಅಭಿಮುಖರಾಗಿ ಕೂರುತ್ತಾರೆ. ಇಲ್ಲಿಯ ನಾಯಕನಾದರೋ ಸಭೆಗೆ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಎಷ್ಟು ಹಣ ತೆತ್ತವನಿಗೂ ಬಹುಮಟ್ಟಿಗೆ ದೊರೆಯುವುದು ಅವನ ಕೋಟಿನ ದರ್ಶನ. ಮುಖವನ್ನು ಕಾಣುವವರು ವಾದ್ಯಗಾರರು. ಕ್ಯಾಮೆರಾ ಅವರ ನಡುವೆ ನುಸುಳಿ, ಪಿಟೀಲಿನವನ ಭುಜದ ಮೇಲಿನಿಂದ ಆ ಮುಖವನ್ನು ನಮಗೂ ತೋರಿತು. ಏನು ಮುಖವದು! ಬೆವರು ಹನಿಯುತ್ತಿದೆ; ತುಟಿಗಳು ಸ್ವರಗಳನ್ನು ಉಚ್ಚರಿಸುತ್ತಿವೆ; ಒಮ್ಮೆ ಬೇಡುತ್ತದೆ, ಒಮ್ಮೆ ಗದರುತ್ತದೆ. ಇಂಥ ಚಿತ್ರಗಳಲ್ಲಿ ಯಾವ ಸ್ವರಕ್ಕೆ ಯಾವ ವಾದ್ಯವನ್ನು ತೋರಬೇಕೆಂಬುದನ್ನು ಸ್ವರಲಿಪಿ ಓದಿಯೇ ಮೊದಲು ಗೊತ್ತುಮಾಡಿಕೊಳ್ಳುತ್ತಾರೆ. ಕರಾಯನ್ನರು ಎಷ್ಟೋ ವೇಳೆ ಸಂಗೀತವನ್ನು ಮೊದಲೇ ಮುದ್ರಿಸಿಕೊಂಡು, ಬಳಿಕ ವಾದ್ಯಗಾರರಿಂದ ನುಡಿಸಿದಂತೆ ಅಭಿನಯಿಸಿ ಚಿತ್ರ ತೆಗೆಸುತ್ತಿದ್ದರು. ಕಣ್ಣು ಮುಚ್ಚಿಕೊಂಡೇ ನಡೆಸುವ ಅವರ ಮುಖ ಆ ಚಿತ್ರಗಳಲ್ಲಿ ಗರ್ಭಗುಡಿಯ ವಿಗ್ರಹದಂತೆ ಸುಂದರ, ಅಷ್ಟೇ ನಿಶ್ಚಲ. ನನಗೆ ಬೆವರುವ ಮುಖವೇ ಹೆಚ್ಚು ಪ್ರಿಯವಾಯಿತು.

ಮೈಸೂರಿನವರು ಈ ಸಂಗೀತಕ್ಕೆ ತೀರ ಹೊರಗಿನವರೇನಲ್ಲ. 1950ರ ಮೇ 22ರಂದು ಲಂಡನ್ನಿನಲ್ಲಿ ಫುರ್ಟ್‌ವೆಂಗ್ಲರ್ ಎಂಬ ಮಹಾನಾಯಕನು ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಗೀತೆಗಳನ್ನು ಮೊಟ್ಟಮೊದಲು ನುಡಿಸಿದಾಗ ಅದರ ಖರ್ಚಿಗೆ ಒದಗಿದವರು ನಮ್ಮ ಶ್ರೀ ಜಯಚಾಮರಾಜ ಒಡೆಯರು. ಆ ಸಂಜೆಯದು ನಮಗೆ ಉಳಿದಿರುವುದು ಒಂದು ಮಸಕು ಧ್ವನಿಮುದ್ರಣ. ಸ್ವರ ಕೇಳುತ್ತದೆ, ಕೈಯಾಡಿದ ಬಗೆ, ಮುಖ ಅರಳಿದ ಬಗೆ ಕಾಣುವುದಿಲ್ಲ.

ನನ್ನ ಪಕ್ಕದಲ್ಲಿ ಎಂಬತ್ತು ದಾಟಿದ ವೃದ್ಧೆಯೊಬ್ಬರು ಮನೆಯಿಂದಲೇ ತಂದ ದಿಂಬನ್ನು ಹಾಕಿಕೊಂಡು ಕುಳಿತಿದ್ದರು. ಸಿಂಫನಿಯ ಎರಡನೆಯ ಭಾಗ ಮುಗಿದಾಗ, "ತಾವು ನಾಯಕನನ್ನೇ ನೋಡುತ್ತಿದ್ದೀರಿ, ನಾನು ನುಡಿಸುವವರನ್ನು ನೋಡುತ್ತೇನೆ" ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. ಏಕೆಂದು ಕೇಳಿದೆ.

"ನಾನು ಶಾಲೆಗೆ ಸೇರಿದಾಗ ಈ ಚೌಕದ ಹೆಸರು ಅಡಾಲ್ಫ್ ಹಿಟ್ಲರ್ ಚೌಕ. ನನ್ನ ಕೈಯಿಂದಲೇ ಬರೆದಿದ್ದೇನೆ. ನಮ್ಮ ತಾಯಿ ರೋಸೆಯವರ ಪಿಟೀಲು ಕೇಳಿದ್ದವಳು. ಆಮೇಲೆ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತಲಿಲ್ಲ."

ಅರ್ನಾಲ್ಡ್ ರೋಸೆ 1881ರಿಂದ 57 ವರ್ಷ ಈ ವೃಂದದ ಮೊದಲ ಪಿಟೀಲುಗಾರರಾಗಿದ್ದವರು. ಮಾಹ್ಲರನ ತಂಗಿಯ ಗಂಡ. ಇಬ್ಬರೂ ಯೆಹೂದ್ಯ ಕುಲದವರು. 1938ರಲ್ಲಿ ರೋಸೆಯವರನ್ನು ಹೊರದೂಡಿದರು. ಅವರು ಲಂಡನ್ನಿನಲ್ಲಿ 1946ರಲ್ಲಿ ತೀರಿಕೊಂಡರು. ಮಗಳು ಆಲ್ಮಾ ಆಷ್‌ವಿಟ್ಸ್ ಶಿಬಿರದಲ್ಲಿ ಸೆರೆಯಾಳು ಹೆಂಗಸರ ವಾದ್ಯವೃಂದವನ್ನು ನಡೆಸುತ್ತ ಅಲ್ಲಿಯೇ 1944ರಲ್ಲಿ ಸತ್ತಳು. ವೃಂದದ ಏಳು ಮಂದಿ ಆ ಕಾಲದ ಹಿಂಸೆಗೆ ಬಲಿಯಾದರು. 1942ರಲ್ಲಿ ವೃಂದದ 123 ಮಂದಿಯಲ್ಲಿ 60 ಮಂದಿ ನಾಜಿ ಪಕ್ಷದ ಸದಸ್ಯರಾಗಿದ್ದರೆಂಬ ಇತಿಹಾಸಕಾರರ ಶೋಧನೆಯನ್ನು ವೃಂದವೇ 2013ರಲ್ಲಿ ಪ್ರಕಟಿಸಿತು. ಲೋಕವೆಲ್ಲ ನಲಿಯುವ ಹೊಸ ವರ್ಷದ ಕಛೇರಿಯೂ 1939ರ ಡಿಸೆಂಬರ್ 31ರಂದು ಆ ಆಡಳಿತದಲ್ಲಿಯೇ ಹುಟ್ಟಿದ್ದು. ಮಾಹ್ಲರನ ಸಂಗೀತವಂತೂ ಆ ಏಳು ವರ್ಷ ಇಲ್ಲಿ ನಿಷಿದ್ಧವಾಗಿತ್ತು.

ಈಗ ತೆರೆಯ ಮೇಲೆ, ಯೆಹೂದ್ಯನೇ ಆದ ಬರ್ನ್‌ಸ್ಟೈನ್ ಆ ಸಂಗೀತವನ್ನು ಅದೇ ವೃಂದಕ್ಕೆ ಮರಳಿ ಕಲಿಸುತ್ತಿದ್ದಾನೆ. ಅಭ್ಯಾಸದ ವೇಳೆ, ನಿಮ್ಮಲ್ಲಿ ಸ್ವರಗಳಿವೆ, ಮಾಹ್ಲರ್ ಇಲ್ಲ ಎಂಬರ್ಥದಲ್ಲಿ ಅವನು ರೇಗಿದ್ದೂ ಚಿತ್ರೀಕರಣವಾಗಿದೆ. ವೃದ್ಧೆಯ ಮಾತು ಕೇಳಿದ ಮೇಲೆ ನಾನೂ ಹಿಂದಿನ ಸಾಲುಗಳನ್ನು ನೋಡತೊಡಗಿದೆ. ಕೂದಲು ನರೆತ ಕೆಲವರು. 1972ರಲ್ಲಿ ಅರವತ್ತರ ಸಮೀಪದವರು 1938ರಲ್ಲಿ ಇಪ್ಪತ್ತೈದರ ತರುಣರಾಗಿದ್ದಿರಬೇಕು. ಯಾರು ಏನು ಮಾಡಿದ್ದರು, ಯಾರು ಸುಮ್ಮನಿದ್ದರು? ಮುಖಗಳು ಹೇಳಲಿಲ್ಲ. ತಂತಿವಾದ್ಯಗಳೂ ಹಾರ್ಪೂ ಮಾತ್ರ ನುಡಿಯುವ ನಾಲ್ಕನೆಯ ಭಾಗದಲ್ಲಿ ಅವರು ಎಷ್ಟು ಕೋಮಲವಾಗಿ ನುಡಿಸಿದರೆಂದರೆ, ನನಗೆ ಕೋಪವನ್ನು ಹಿಡಿದಿಟ್ಟುಕೊಳ್ಳುವುದೂ ಕಷ್ಟವಾಯಿತು, ಬಿಟ್ಟುಬಿಡುವುದೂ ಕಷ್ಟವಾಯಿತು.

ಕ್ಯಾಮೆರಾ ಎಲ್ಲವನ್ನೂ ತೋರುತ್ತದೆಂದು ನಂಬುವಂತೆಯೂ ಇಲ್ಲ. ಈ ವೃಂದದಲ್ಲಿ ಹೆಂಗಸರಿಗೆ ಸದಸ್ಯತ್ವವೇ ಇರಲಿಲ್ಲ. ಹಾರ್ಪ್ ನುಡಿಸುತ್ತಿದ್ದ ಆನಾ ಲೆಲ್ಕೆಸ್ ಎಂಬಾಕೆಗೆ ಎರಡು ದಶಕಗಳಿಗೂ ಮೀರಿ ನುಡಿಸಿದ ಬಳಿಕ, 1997ರಲ್ಲಿ, ಅದು ದೊರೆಯಿತು. ಅದುವರೆಗೆ ಟೆಲಿವಿಷನ್ನಿನಲ್ಲಿ ಆಕೆಯ ಬೆರಳುಗಳನ್ನಷ್ಟೇ ತೋರಿ ಮುಖವನ್ನು ತಪ್ಪಿಸುತ್ತಿದ್ದರೆಂಬ ದೂರು ಕೇಳಿಬಂದಿತ್ತು.

ಕೊನೆಯ ಭಾಗ ಅಬ್ಬರದಿಂದ ಮುಗಿಯಿತು. ತೆರೆಯೊಳಗಿನ ಸಭಿಕರು ಚಪ್ಪಾಳೆ ತಟ್ಟಿದರು. ಬಯಲಿನಲ್ಲಿ ಕುಳಿತ ನಾವೂ ತಟ್ಟಿದೆವು. 1990ರಲ್ಲಿ ತೀರಿಹೋದ ಮನುಷ್ಯ ನಮ್ಮ ಕಡೆ ತಿರುಗಿ ತಲೆಬಾಗಿದ. ವೃದ್ಧೆ ಚಪ್ಪಾಳೆ ತಟ್ಟಲಿಲ್ಲ, ವಾದ್ಯಗಾರರು ಒಬ್ಬೊಬ್ಬರಾಗಿ ಎದ್ದು ನಿಲ್ಲುವವರೆಗೂ ನೋಡುತ್ತಿದ್ದು, ಬಳಿಕ ದಿಂಬನ್ನು ಕಂಕುಳಿಗೆ ಸೇರಿಸಿ, "ಮಾಹ್ಲರನ ಸಮಾಧಿ ಗ್ರಿನ್ಟ್ಸಿಂಗಿನಲ್ಲಿದೆ. 38ನೆಯ ನಂಬರಿನ ಟ್ರಾಮು" ಎಂದರು.

ಮರುದಿನ ಬೆಳಗ್ಗೆ ಹೋದೆವು. ನೆಟ್ಟಗೆ ನಿಲ್ಲಿಸಿದ ಕಲ್ಲಿನ ಮೇಲೆ ಹೆಸರು ಮಾತ್ರ ಇದೆ. ಹುಟ್ಟಿದ್ದಾಗಲಿ ಸತ್ತದ್ದಾಗಲಿ ಇಲ್ಲ. ಯಾರೋ ಕಲ್ಲಿನ ನೆತ್ತಿಯ ಮೇಲೆ ಸಣ್ಣ ಸಣ್ಣ ಹರಳುಗಳನ್ನು ಇಟ್ಟು ಹೋಗಿದ್ದರು. ಅಣ್ಣನ ಮಗ ದಾರಿಯಿಂದ ಒಂದನ್ನು ಹೆಕ್ಕಿ ತಂದು ನನ್ನ ಕೈಗೆ ಕೊಟ್ಟ.