ಪಡುವಣ ಗೋಡೆ

ಜುಲೈ 9

ಪುನರ್ವಸು ಹಿಡಿದು ನಾಲ್ಕನೇ ದಿನ. ಬೆಳಗ್ಗೆ ಕೊಡೆ ಹಿಡಿದು ಮನೆಯ ಪಡುವಣ ಬದಿಗೆ ಹೋಗಿ ನೋಡಿದೆ. ಮಾರ್ಚಿಯಲ್ಲಿ ಹೊಡೆಸಿದ ವಾಟರ್‌ಪ್ರೂಫ್ ಬಣ್ಣ ಕಿಟಕಿಯ ಕೆಳಗೆ ಹಪ್ಪಳದ ಹಾಗೆ ಉಬ್ಬಿದೆ. ಸೆರಗಿನ ಪಿನ್ನು ತೆಗೆದು ಚುಚ್ಚಿದೆ. ಕಂದು ನೀರು ಚಿರ್ರೆಂದು ಹಾರಿ ಮಣಿಕಟ್ಟಿನವರೆಗೆ ಇಳಿಯಿತು. ಅಂಗಡಿಯವನು ಏಳು ವರ್ಷ ಗ್ಯಾರಂಟಿ ಎಂದು ಚೀಟಿ ಬರೆದುಕೊಟ್ಟಿದ್ದ. ಒಳಗೆ ಬಂದು ಕಪಾಟು ತೆಗೆದರೆ ಚೀಟಿಗೂ ಬೂಷ್ಟು ಹಿಡಿದಿದೆ. ಕಪಾಟು ಇದೇ ಗೋಡೆಗೆ ತಾಗಿಕೊಂಡಿದೆಯಲ್ಲ.

ಜುಲೈ 11

ಮೇಸ್ತ್ರಿ ಬಂದರು. ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತಾ ಹೋದರು. ಕೆಲವು ಕಡೆ ಟಕ್, ಕೆಲವು ಕಡೆ ಡಬ್. "ಅಮ್ಮಾ, ಕಿಟಕಿ ಹತ್ರ ಎಲ್ಲೋ ಸಣ್ಣ ಸೀಳು ಉಂಟು. ಅಲ್ಲಿಂದ ಒಳಗೆ ಹೋದ ನೀರಿಗೆ ಹೊರಗೆ ಬರೋಕೆ ನೀವು ದಾರೀನೇ ಇಟ್ಟಿಲ್ಲ. ಈಗ ಮುಟ್ಟೋದು ಬ್ಯಾಡ, ಮಳೆ ಹೋಗ್ಲಿ."

ಅತ್ತೆ ಜಗಲಿಯಿಂದಲೇ ಕೇಳಿಸಿಕೊಂಡು, "ಸೋಗೆ ಬ್ಯಾಡ ಅಂದವಳು ನೀನೇ ಅಲ್ದಾ?" ಎಂದರು. ನಾನೇ. ಮುಂಚೆ ಮೇ ಕೊನೆಗೆ ಈ ಗೋಡೆಯಿಂದ ಒಂದು ಗೇಣು ಬಿಟ್ಟು ಬಿದಿರಿನ ಗಳ ನಿಲ್ಲಿಸಿ, ಅಡ್ಡಕ್ಕೆ ಅಡಿಕೆ ದಬ್ಬೆ ಕಟ್ಟಿ, ಅಡಿಕೆ ಸೋಗೆಯನ್ನು ತುದಿ ಕೆಳಗಾಗಿ ಸಾಲುಸಾಲಾಗಿ ಇಳಿಬಿಡುತ್ತಿದ್ದರು. ದೀಪಾವಳಿ ಹೊತ್ತಿಗೆ ಬಿಚ್ಚಿ ತೋಟಕ್ಕೆ ಹಾಕುತ್ತಿದ್ದರು. ಮನೆ ಕೊಟ್ಟಿಗೆಯ ಹಾಗೆ ಕಾಣುತ್ತದೆ, ನೆಂಟರು ಏನೆಂದಾರು ಎಂದು ಬಿಡಿಸಿದವಳು ನಾನು. ಈಗ ನೆಂಟರೇ ಬಂದು ಮಲಗುವ ಕೋಣೆಯಲ್ಲಿ ಮುಗ್ಗಲು ವಾಸನೆ.

ಜುಲೈ 14

ಕೊಟ್ಟಿಗೆಯ ಹಿಂದೆ ಬಿದ್ದಿದ್ದ ಎರಡು ಹಳೇ ಇಟ್ಟಿಗೆಗಳನ್ನು ಮೊನ್ನೆಯಿಡೀ ಒಲೆಬುಡದಲ್ಲಿ ಒಣಗಿಸಿ ಅಡಿಗೆಮನೆಯ ತಕ್ಕಡಿಯಲ್ಲಿಟ್ಟೆ. ಒಂದು 2 ಕೆಜಿ 900 ಗ್ರಾಂ, ಇನ್ನೊಂದು 2 ಕೆಜಿ 850. ಬಕೆಟ್ಟಿನಲ್ಲಿ ಮುಳುಗಿಸಿದಾಗ ಗುಳುಗುಳು ಗುಳ್ಳೆ ಬಿಟ್ಟವು. ಈವತ್ತು ತೆಗೆದು ತೂಗಿದರೆ 3 ಕೆಜಿ 400, 3 ಕೆಜಿ 340. ಒಂದೊಂದು ಇಟ್ಟಿಗೆ ಸುಮಾರು ಅರ್ಧ ಲೀಟರ್ ಕುಡಿದಿದೆ! ಹಾಗೆಂದು ಇವೇನೂ ಕೆಟ್ಟ ಇಟ್ಟಿಗೆಯಲ್ಲ. ಸಾಧಾರಣ ಸುಟ್ಟ ಇಟ್ಟಿಗೆ 24 ಗಂಟೆಯಲ್ಲಿ ತನ್ನ ತೂಕದ ಶೇ. 20ರಷ್ಟು ನೀರು ಹೀರಿದರೂ ಸರಕಾರದ ಮಾನಕದ ಒಳಗೇ ಇರುತ್ತದೆ. ಗೋಡೆಯಲ್ಲಿ ಇಂಥವು ಎಷ್ಟು ಸಾವಿರವೋ.

ಮೊದಲನೆಯದನ್ನು ಹಾಗೇ, ಎರಡನೆಯದಕ್ಕೆ ಪ್ಲಾಸ್ಟಿಕ್ ಸುತ್ತಿ, ಎರಡನ್ನೂ ಬಚ್ಚಲೊಲೆಯ ಪಕ್ಕ ಇಟ್ಟಿದ್ದೇನೆ.

ಜುಲೈ 21

ಬರಿಯದು 3 ಕೆಜಿ 20 ಗ್ರಾಂ. ಪ್ಲಾಸ್ಟಿಕ್ಕಿನದು 3 ಕೆಜಿ 310. ಬಿಚ್ಚಿದರೆ ಒಳಗೆಲ್ಲ ಬೆವರು. ನಮ್ಮ ಗೋಡೆಗೆ ದುಡ್ಡು ಕೊಟ್ಟು ಮಾಡಿಸಿದ್ದು ಇದನ್ನೇ.

ಡಿಸೆಂಬರ್ 3

ಬಿಸಿಲು ಬಿದ್ದಲ್ಲೆಲ್ಲ ಗೋಡೆ ಉಪ್ಪು ಬಿಟ್ಟಿದೆ. ಬಣ್ಣ ಎದ್ದುಹೋದ ಕಡೆ ಇಟ್ಟಿಗೆಯ ಮೇಲೆ ಬಿಳಿ ನವಿರು. ಬೆರಳಲ್ಲಿ ಒರೆಸಿ ನಾಲಿಗೆಗಿಟ್ಟೆ: ಉಪ್ಪು, ಹಿಂದೆಯೇ ಕಹಿ. ಕೆಲಸದವಳು ಪೈಪು ಹಿಡಿದು ತೊಳೆಯಲು ಹೊರಟಿದ್ದಳು, ತಡೆದೆ. ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಒಣ ಬ್ರಶ್ಶಿನಲ್ಲಿ ಉಜ್ಜಿ, ಪುಡಿಯನ್ನು ಮೊರದಲ್ಲಿ ಹಿಡಿದು ದೂರ ಚೆಲ್ಲಿಸಿದೆ.

ಫೆಬ್ರವರಿ 11

ಬಣ್ಣ ಕೆರೆದು ಮುಗಿಯಿತು. ಈವತ್ತು ಸೀಳು ಹುಡುಕುವ ದಿನ. ಮೇಸ್ತ್ರಿ ಕಿಟಕಿಯ ಹೊರದಾಸಿನ ಮೇಲೆ ಒಂದು ಚೊಂಬು ನೀರು ಸುರಿದು, "ಬಗ್ಗಿ ನೋಡಿ" ಎಂದರು. ನೀರು ಅಂಚಿಗೆ ಬಂತು, ಕೆಳಗೆ ಬೀಳಲಿಲ್ಲ. ಅಂಚನ್ನು ತಬ್ಬಿಕೊಂಡು ದಾಸಿನ ಹೊಟ್ಟೆಗೆ ಹೊರಳಿತು, ಹಾಗೇ ತೆವಳುತ್ತಾ ಗೋಡೆ ಮುಟ್ಟಿತು. ಅಲ್ಲೊಂದು ಕೂದಲೆಳೆಯ ಬಿರುಕು. ಅದರೊಳಗೆ ಮಾಯ. ಇಷ್ಟು ವರ್ಷ ನಾನು ಬೈದದ್ದು ಬರೀ ಎರಚಲನ್ನು!

ಗ್ರೈಂಡರಿನಿಂದ ದಾಸಿನ ಅಡಿಯಲ್ಲಿ, ಅಂಚಿನಿಂದ ಎರಡು ಬೆರಳು ಒಳಗೆ, ಉದ್ದಕ್ಕೂ ಒಂದು ಗೆರೆ ಕೊರೆದರು. ಮತ್ತೆ ಒಂದು ಚೊಂಬು. ನೀರು ಗೆರೆಯವರೆಗೆ ತೆವಳಿ ಬಂದು, ದಾಟಲಾರದೆ, ತೊಟ್ಟುತೊಟ್ಟಾಗಿ ಉದುರಿತು. ಅತ್ತೆಯನ್ನು ಕರೆದು ತೋರಿಸಿದೆ. ಮೂರನೇ ಚೊಂಬು ಅವರೇ ಸುರಿದರು.

ಫೆಬ್ರವರಿ 19

ಮೇಸ್ತ್ರಿಗೂ ನನಗೂ ಜಟಾಪಟಿ. ಸಂದುಗಳನ್ನು ಸಿಮೆಂಟಿನಿಂದ ತುಂಬಿದರೆ ಎರಡು ದಿನದ ಕೆಲಸ ಎಂದು ಅವರು. ಮಾವನ ತಂದೆ ಕಟ್ಟಿಸಿದ ಮನೆ, ಇಟ್ಟಿಗೆ ಮೆತ್ತಗಿದೆ, ಒಳಗಿರುವುದು ಸುಣ್ಣದ ಗಾರೆ. ಸಂದು ಗಟ್ಟಿ, ಇಟ್ಟಿಗೆ ಮೆದು ಆದರೆ ಪಸೆಯೆಲ್ಲ ಇಟ್ಟಿಗೆಯ ಮೂಲಕವೇ ಆರಬೇಕು. ಉಪ್ಪು ಅಲ್ಲೇ ಕಟ್ಟಿ ಮುಖ ಹೆಕ್ಕಳಿಕೆ ಏಳುತ್ತದೆ. ಬಚ್ಚಲಿನ ಮೂಲೆಯಲ್ಲಿ ಹಿಂದೆ ಸಿಮೆಂಟು ಮೆತ್ತಿದ ಕಡೆ ಕರೆದುಕೊಂಡು ಹೋಗಿ ತೋರಿಸಿದೆ. ಸಿಮೆಂಟು ಹಾಗೇ ನಿಂತಿದೆ, ನಡುವಿನ ಇಟ್ಟಿಗೆ ಅರ್ಧ ಇಂಚು ಸವೆದಿದೆ. "ಸುಣ್ಣ ನೆನೆಸೋರು, ಕಲಸೋರು ಯಾರಿದಾರೆ ಅಮ್ಮಾ?" ಎಂದರು. ಕೊನೆಗೆ ಅವರೇ ನೆನೆಸಿದರು. ಒಂದು ಪಾಲು ಸುಣ್ಣ, ಮೂರು ಪಾಲು ಮರಳು. ಬೇಗ ಒಣಗಬಾರದೆಂದು ಒದ್ದೆ ಗೋಣಿ ಇಳಿಬಿಟ್ಟಿದ್ದೇವೆ. ಅದಕ್ಕೆ ನೀರು ಚಿಮುಕಿಸುವ ಕೆಲಸ ನನ್ನದು.

ಮೇ 24

ಮಗ ಬೆಂಗಳೂರಿನಿಂದ ಒಂದು ಡಬ್ಬ ತಂದಿದ್ದಾನೆ. ಸಿಲೇನ್-ಸಿಲಾಕ್ಸೇನ್ ಅಂತೆ, ಪೊರೆ ಕಟ್ಟುವುದಿಲ್ಲ, ಇಟ್ಟಿಗೆಯ ರಂಧ್ರದ ಒಳಮೈಗೆ ಹಿಡಿದು ನೀರನ್ನು ದೂಡುತ್ತದೆ, ಆವಿಗೆ ಮಾತ್ರ ದಾರಿ ಬಿಡುತ್ತದೆ. ಬಿರುಕಿದ್ದರೆ ಇದರಿಂದಲೂ ಉಪಯೋಗವಿಲ್ಲ ಎಂದು ಅವನೇ ಒಪ್ಪಿದ. ಒಮ್ಮೆ ಕೈ ಸುಟ್ಟುಕೊಂಡವಳು ನಾನು. ತೆಂಕಣ ಮೂಲೆಯಲ್ಲಿ ಎರಡಡಿ ಚೌಕಕ್ಕೆ ಮಾತ್ರ ಬಳಿಯಲು ಬಿಟ್ಟೆ. ಒಂದು ಮಳೆಗಾಲ ನೋಡೋಣ.

ಉಳಿದದ್ದಕ್ಕೆ ಸೋಗೆ. ಕಟ್ಟುವವರು ಸಿಗುವುದೇ ಕಷ್ಟ; ಸಿಕ್ಕ ಇಬ್ಬರಿಗೆ ದಿನಗೂಲಿಯ ಮೇಲೆ ಊಟ, ಕಾಫಿ, ಅತ್ತೆಯ ಮೇಲ್ವಿಚಾರಣೆ. "ಗೋಡೆಗೆ ತಾಗಿಸ್ಬ್ಯಾಡ್ರೋ, ಒರಲೆ ಹತ್ತತ್ತೆ" ಎಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮಧ್ಯದ ಕೋಣೆಗೆ ಹಗಲಲ್ಲೇ ಕತ್ತಲೆ, ಲೈಟು ಹಾಕಿ ಬರೆಯುತ್ತಿದ್ದೇನೆ. ಕೊಟ್ಟಿಗೆಯ ಹಾಗೆ ಕಾಣುವುದೂ ನಿಜ.

ಜೂನ್ 25

ಆರಿದ್ರಾ ಬಿಡದೆ ಹೊಯ್ಯುತ್ತಿದೆ. ಗಾಳಿ ಪಡುವಣದಿಂದಲೇ. ಸೋಗೆಯ ಸಂದಿನಲ್ಲಿ ಕೈ ತೂರಿಸಿ ಗೋಡೆ ಮುಟ್ಟಿದೆ: ತಣ್ಣಗಿದೆ, ಒದ್ದೆಯಿಲ್ಲ. ಇಟ್ಟಿಗೆಯ ತರಿ ಅಂಗೈಗೆ ಹತ್ತಿತು. ಮಗನ ಚೌಕದ ಮೇಲೆ ನೀರು ಕೆಸುವಿನೆಲೆಯ ಮೇಲಿನ ಹಾಗೆ ಮಣಿಮಣಿಯಾಗಿ ಉರುಳುತ್ತಿದೆ, ಅದನ್ನೂ ಬರೆದಿಡಬೇಕು.

ಬುಡದ ಒಂದಡಿ ಮಾತ್ರ ಕೆಂಪು ಕೆಸರು. ಸೂರಿನ ನೀರು ನೆಲಕ್ಕೆ ಬಿದ್ದು ಸಿಡಿಯುತ್ತಿದೆ. ಹಾಕಿಸಿದ ಜಲ್ಲಿ ಮಣ್ಣಲ್ಲಿ ಹೂತುಹೋಗಿದೆ. ಇನ್ನೊಂದು ಟ್ರ್ಯಾಕ್ಟರ್ ದಪ್ಪ ಜಲ್ಲಿ ಬೇಕು. ನಾಳೆ ಕರೆಂಟು ಬಂದರೆ ಮೇಸ್ತ್ರಿಗೆ ಫೋನು ಮಾಡಬೇಕು.